ಚದರಡಿಗೆ ಎಷ್ಟು ಹುಳ?

ಹುಳುಹುಪ್ಪಟೆ ಕೊಲ್ಲುವ ಕೆಲಸಕ್ಕೆ ಇಳಿದ ಮೇಲೆ ಹುಳಗಳ ವಿಷಯದಲ್ಲಿ ನನಗೆ ಎಂದೂ ಗೊಂದಲವಾಗಿಲ್ಲ. ಆದದ್ದೆಲ್ಲ ಮನುಷ್ಯರ ವಿಷಯದಲ್ಲಿ, ಅದೂ ಒಂದು ವಾರವೂ ಬಿಡುವಿಲ್ಲದೆ.

ಮೊದಲು ಆಂಧ್ರದ ಗಡಿಯಲ್ಲಿರುವ ನಮ್ಮೂರು ಆದೋನಿಯ ಒಂದು ಹತ್ತಿ ಮಿಲ್ಲಿನ ಗೋದಾಮಿನಲ್ಲಿ ಔಷಧ ಹೊಡೆಯುತ್ತಿದ್ದೆ. ಮಿಲ್ಲಿಗೆ ಬೀಗ ಬಿತ್ತು. ಗೊತ್ತಿದ್ದ ವಿದ್ಯೆ ಅದೊಂದೇ. ತರಬೇತಿ ಮುಗಿಸಿ, ಆಫೀಸಿನಿಂದ ಆಫೀಸಿಗೆ ತಿರುಗಿ, ಕೊನೆಗೂ ಲೈಸೆನ್ಸ್ ತಂದುಕೊಂಡೆ. ಆ ಖುಷಿಯಲ್ಲಿ ಬಾಗಿಲಿಗೆ ಒಂದು ಬೋರ್ಡು ಬರೆಸಿದೆ: ‘ಸರ್ಕಾರಿ ಲೈಸೆನ್ಸ್ ಪಡೆದ ಗೆದ್ದಲು, ಜಿರಳೆ, ಇಲಿ, ತಿಗಣೆ ನಿಯಂತ್ರಣ.’ ಮೊದಲ ದಿನವೇ ಎದುರು ಮನೆಯ ಯಜಮಾನರು ಕನ್ನಡಕ ಏರಿಸಿ ಎರಡು ಸಲ ಓದಿ, ನನ್ನನ್ನು ಕರೆದು ಕೇಳಿದರು.

“ಏನಪಾ, ಈಗ ಜಿರಳಿಗೂ ಸರ್ಕಾರ ಲೈಸೆನ್ಸ್ ಕೊಡಾಕ ಹತ್ತೈತೇನು?”

ಶುರುವಾದದ್ದೇ ಹೀಗೆ.

ನಲ್ಲಿ

ಒಮ್ಮೆ ನಮ್ಮ ಅತ್ತೆಯವರು ಊರಿಂದ ಬಂದು ನಮ್ಮ ಮನೆಯಲ್ಲಿದ್ದರು. ಅವರದು ಹರಪನಹಳ್ಳಿಯ ಕಡೆ. ತೆಲುಗಿನ ಗಾಳಿಯೂ ಸೋಕದ ಜೀವ. ನಾನು ಸ್ನಾನಕ್ಕೆ ಹೋದಾಗ ಫೋನು ಬಂತು. ಅಳಿಯನಿಗೆ ಒಂದು ಗಿರಾಕಿ ತಪ್ಪಬಾರದೆಂದು ಅವರೇ ಎತ್ತಿಕೊಂಡರು. ಆ ಕಡೆ ಇದ್ದ ಹೆಂಗಸು ನಮ್ಮೂರಿನವಳು. ಅಂದರೆ ಅರ್ಧ ಕನ್ನಡ, ಅರ್ಧ ತೆಲುಗು.

“ಅಮ್ಮಾ, ನಮ್ಮ ಮನ್ಯಾಗ ನಲ್ಲಿ ಭಾಳ ಆಗ್ಯಾವ್ರಿ.”

“ಪುಣ್ಯ ಮಾಡೀಯವ್ವಾ ನೀನು,” ಅಂದರು ಅತ್ತೆ. “ನಮ್ಮೂರಾಗ ಇಡೀ ಓಣಿಗೆ ಒಂದ ನಲ್ಲಿ.”

“ಎಲ್ಲಿ ಪುಣ್ಯಾರಿ? ರಾತ್ರಿ ಒಬ್ಬರಿಗೂ ನಿದ್ದಿ ಇಲ್ಲ.”

“ನೀರು ಯಾವಾಗ ಬರ್ತಾವೋ ಅಂತ ಕಾಯ್ಕೋತ ಕುಂತ್ರ ಯಾರಿಗೆ ನಿದ್ದಿ ಬರ್ತೈತಿ?”

“ನೀರಲ್ರಿ ಅಮ್ಮಾ, ರಕ್ತ!”

“ರಕ್ತಾ?”

“ಹೌದ್ರಿ. ಲೈಟ್ ಹಾಕಿದ ಕೂಡ್ಲೆ ಹಾಸಿಗ್ಯಾಗಿಂದ ಓಡಿ ಗೋಡಿ ಸಂದ್ಯಾಗ ಹೊಕ್ಕೊಂತಾವ.”

“ಯವ್ವಾ, ಹಾಸಿಗ್ಯಾಗ ನಲ್ಲಿ ಯಾರು ಹಾಕಿಸಿದ್ರು?”

“ಯಾರೂ ಹಾಕಿಸಿಲ್ರಿ. ಬೀಗರು ಬಂದಿದ್ರು, ಅವರ ಚೀಲದಾಗ ಬಂದಾವ.”

ನಾನು ತಲೆ ಒರೆಸಿಕೊಳ್ಳುತ್ತಾ ಹೊರಗೆ ಬಂದರೆ ಅತ್ತೆಯವರು ಫೋನನ್ನು ದೂರ ಇಟ್ಟು, ಕೈಯಲ್ಲಿ ವಿಭೂತಿ ಹಿಡಿದು ನಿಂತಿದ್ದರು. ನನ್ನ ಹಣೆಗೆ ದಪ್ಪಗೆ ಬಳಿದು, “ಅಳಿಯಾರ, ಬ್ಯಾರೆ ಎಲ್ಲೆರ ಹೋಗ್ರಿ, ಆ ಮನಿಗೆ ಮಾತ್ರ ಕಾಲಿಡಬ್ಯಾಡ್ರಿ. ನಲ್ಲ್ಯಾಗ ರಕ್ತ ಬರ್ತೈತಂತ,” ಅಂದರು.

ನಾನು ನಗು ತಡೆದುಕೊಂಡು, ತೆಲುಗಿನಲ್ಲಿ ನಲ್ಲಿ ಅಂದರೆ ತಿಗಣೆ ಎಂದು ಬಿಡಿಸಿ ಹೇಳಿದೆ. ಅವರಿಗೆ ನಾಚಿಕೆಯಾಯಿತು. ಇನ್ನು ಮೇಲೆ ಈ ಊರಿನಲ್ಲಿ ಆ ಮಾತನ್ನು ಹುಷಾರಾಗಿ ಕೇಳಿಸಿಕೊಳ್ಳಬೇಕೆಂದು ಗಟ್ಟಿ ಮಾಡಿಕೊಂಡರು.

ಮಾರನೆಯ ಮುಂಜಾನೆ ಪಕ್ಕದ ಮನೆಯವಳು ಖಾಲಿ ಕೊಡ ಹಿಡಿದು ಬಂದು ಬಾಗಿಲಲ್ಲಿ ನಿಂತಳು. ಅಚ್ಚ ಕನ್ನಡದವಳು. “ದೊಡ್ಡವ್ವಾ, ನಿಮ್ಮ ಮನ್ಯಾಗ ನಲ್ಲಿ ಬಂತೇನು?”

ಅತ್ತೆಯವರಿಗೆ ಸಿಟ್ಟು ನೆತ್ತಿಗೇರಿತು. “ನಾಲಿಗಿ ಬಿಗಿ ಹಿಡದು ಮಾತಾಡವ್ವಾ! ನಮ್ಮ ಅಳಿಯಾರು ಇರೋ ಮನ್ಯಾಗ ನಲ್ಲಿ ಬರ್ತೈತೇನು? ಬಂದ್ರೂ ಔಷಧ ಹೊಡದು ಸಾಯಿಸಿಬಿಡ್ತಾರ!”

ಸತ್ತವು ಎಲ್ಲಿ?

ನಮ್ಮ ಕೆಲಸದ ದರ ಚದರಡಿಯ ಲೆಕ್ಕ. ಇದನ್ನು ಗಿರಾಕಿಗಳಿಗೆ ತಿಳಿಸಿ ಹೇಳುವುದು ಗೆದ್ದಲು ಕೊಲ್ಲುವುದಕ್ಕಿಂತ ಕಷ್ಟ. ಒಬ್ಬ ಹತ್ತಿ ವ್ಯಾಪಾರಿಯ ಮನೆಗೆ ಹೋಗಿ ಟೇಪು ಬಿಚ್ಚಿದೆ. ಅವರು ಹಿಂದಿಂದೆಯೇ ಬಂದರು.

“ಗೆದ್ದಲಾ ಹತ್ತಿದ್ದು ಒಂದು ಬಾಗಲಿಗೆ. ನೀ ಯಾಕ ಅಡಗಿ ಮನಿ ಅಳ್ಯಾಕ ಹತ್ತೀಯಪಾ?”

“ಸೇಠ್‌ರ, ಅವು ನೆಲದ ಕೆಳಗಿಂದ ಬರ್ತಾವ. ಇಡೀ ಮನಿಗೆ ಹೊಡೀಬೇಕು.”

“ಹಂಗೆಲ್ಲ ಬ್ಯಾಡ. ಹತ್ತಿ ತೂಕ ಮಾಡಿ ರೊಕ್ಕ ಕೊಡ್ತೀವಿ ನಾವು, ಮಾಲು ನೋಡದ ಕೊಡಂಗಿಲ್ಲ. ಸತ್ತ ಹುಳ ತೋರಸು, ರೊಕ್ಕ ತಗೋ.”

ಗೆದ್ದಲು ಸಾಯುವುದು ಮಣ್ಣಿನೊಳಗೆ. ಹೊರಗೆ ಬಂದು ಸಾಲಾಗಿ ಮಲಗಿ ಸಾಯುವುದಿಲ್ಲ. ಎಷ್ಟು ಹೇಳಿದರೂ ಕೇಳಲಿಲ್ಲ. ಸರಿ, ಮೊದಲು ಕೆಲಸ ಮುಗಿಸೋಣ ಎಂದು ನೆಲಕ್ಕೆ ತೂತು ಕೊರೆದು ಔಷಧ ಇಳಿಸಿ ಬಂದೆವು. ಅವರು ದಿನವೂ ಫೋನು ಮಾಡುತ್ತಿದ್ದರು. “ಒಂದೂ ಸತ್ತಿಲ್ಲ. ಹೆಣ ಎಲ್ಲಿ?”

ಅದೇ ಹೊತ್ತಿಗೆ ಇನ್ನೊಂದು ಓಣಿಯಲ್ಲಿ ಒಬ್ಬ ಬ್ಯಾಂಕ್ ನೌಕರರ ಮನೆಗೆ ಜಿರಳೆಯ ಔಷಧ ಹಾಕಿ ಬಂದಿದ್ದೆ. ಅವರ ಹೆಂಡತಿ ಫೋನಿನಲ್ಲಿ ಕಿಡಿಕಿಡಿ.

“ನಾನು ಕರದಾಗ ಎರಡೋ ಮೂರೋ ಕಾಣ್ತಿದ್ವು. ನೀವು ಬಂದು ಹೋದಮ್ಯಾಲ ಮನಿ ತುಂಬ ಸತ್ತು ಬಿದ್ದಾವ. ಇಷ್ಟು ಜಿರಳಿ ಎಲ್ಲಿಂದ ತಂದು ಬಿಟ್ರಿ?”

“ಅಕ್ಕಾರ, ಅವು ನಿಮ್ಮವ. ಗೋಡಿ ಸಂದ್ಯಾಗಿಂದ ಹೊರಗ ಬಂದು ಸತ್ತಾವ.”

“ನಮ್ಮವು ಹೆಂಗ ಆಗ್ತಾವ? ನಮ್ಮ ಮನ್ಯಾಗ ಇಷ್ಟು ದೊಡ್ಡವು ಇರಲಿಲ್ಲ. ಮೊದಲು ಬಂದು ನಿಮ್ಮ ಜಿರಳಿ ನೀವು ತಗೊಂಡು ಹೋಗ್ರಿ.”

ಒಂದು ಮನೆಯಲ್ಲಿ ಹೆಣ ಇಲ್ಲವೆಂದು ಜಗಳ, ಇನ್ನೊಂದು ಮನೆಯಲ್ಲಿ ಹೆಣ ಇದೆಯೆಂದು ಜಗಳ. ಸತ್ತರೆ ಒಳ್ಳೆಯದೋ ಸಾಯದಿದ್ದರೆ ಒಳ್ಳೆಯದೋ ನನಗೇ ತಿಳಿಯದೆ ತಲೆ ಹಿಡಿದು ಕೂತೆ. ನನ್ನ ಜೊತೆ ಕೆಲಸ ಮಾಡುವ ಭಾಮೈದ ಮಾತ್ರ ಬಹಳ ಹುರುಪಿನಲ್ಲಿದ್ದ. “ಮಾಮ, ನೀ ಸುಮ್ಮನಿರು. ಎರಡೂ ನಾ ನೋಡ್ಕೊಂತೀನಿ,” ಎಂದು ಬೈಕು ಹತ್ತಿ ಹೋದ.

ಬ್ಯಾಂಕಿನವರ ಮನೆ ಗುಡಿಸಿದ. ಅಲ್ಲಿಯ ಜಿರಳೆಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿದ. ನೆಟ್ಟಗೆ ಹತ್ತಿ ವ್ಯಾಪಾರಿಯ ಮನೆಗೆ ಹೋಗಿ ಕಟ್ಟೆಯ ಮೇಲೆ ಸುರುವಿದ. ಸೇಠ್‌ರು ಮನೆಯಲ್ಲಿರಲಿಲ್ಲ. ಕಣ್ಣು ಮಂಜಾದ ಅವರ ತಾಯಿ ಇದ್ದರು.

“ಏನಪಾ ಇವು?”

“ನಿಮ್ಮ ಮನ್ಯಾಗ ಸತ್ತ ಹುಳ ಅಜ್ಜೀ.”

ಮುದುಕಿ ಬಗ್ಗಿ ಒಂದನ್ನು ಎತ್ತಿ, ಕಣ್ಣಿನ ಹತ್ತಿರ ಹಿಡಿದು ತಿರುಗಿಸಿ ನೋಡಿದರು. ಆಮೇಲೆ ಒಳಗಿದ್ದ ಸೊಸೆಯನ್ನು ಕೂಗಿದರು. “ಏ ಇವಳ, ಬಾರ ಇಲ್ಲಿ! ಗೆದ್ದಲಾ ಇಷ್ಟು ದೊಡ್ಡವು ಆಗೋತನಕ ನೀವೆಲ್ಲ ಏನು ಮಾಡಾಕ ಹತ್ತಿದ್ರಿ?”

ಷೇರ್ ಆಟೋದಲ್ಲಿ ಜಾಗ

ಚಿಪ್ಪಗಿರಿಯ ಕಡೆ ಒಂದು ಶಾಲೆಗೆ ಗೆದ್ದಲಿನ ಕೆಲಸವಿತ್ತು. ಬೈಕು ಕೆಟ್ಟಿತ್ತು. ಬೆನ್ನಿಗೆ ಪಂಪು ಏರಿಸಿ ಷೇರ್ ಆಟೋ ಹತ್ತಿದೆ. ಒಳಗೆ ಜನ ಒಬ್ಬರ ತೊಡೆಯ ಮೇಲೊಬ್ಬರು. ಹೊರಗೆ ಬಿಸಿಲು ಹೆಂಚು ಕಾದಂತೆ. ನಾನು ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು ನೇತಾಡುತ್ತಿದ್ದೆ. ಪಕ್ಕದಲ್ಲಿದ್ದ ಒಬ್ಬ ಅಜ್ಜಿ ನನ್ನ ಪಂಪು ಮುಟ್ಟಿ ನೋಡಿದಳು.

“ಔಷಧ ಹೊಡೀತೀಯೇನು? ನಮ್ಮ ಹತ್ತಿಗೆ ಬಾ. ಎಕರೆಕ್ಕ ಏನು ತಗೊಂತಿ?”

“ಇಲ್ಲಜ್ಜಿ, ನಾನು ಹೊಲಕ್ಕ ಹೊಡ್ಯಂಗಿಲ್ಲ. ಮನಿಗೆ ಹೊಡೀತೀನಿ.”

“ಮನಿಗಾ? ಮನ್ಯಾಗ ಏನು ಬೆಳದಿರ್ತಾರ?”

“ಏನೂ ಬೆಳದಿರಂಗಿಲ್ಲಜ್ಜಿ. ಮನ್ಯಾಗಿನ ಹುಳಕ್ಕ ಹೊಡ್ಯಾದು.”

“ಮಂದಿ ಇರೋ ಮನಿಗೆ ವಿಷ ಹೊಡೀತಿ?” ಅಜ್ಜಿಯ ದನಿ ಏರಿತು. “ಪೊಲೀಸ್ರು ಸುಮ್ಮನ ಬಿಡ್ತಾರ?”

ಧೈರ್ಯ ಹೇಳೋಣವೆಂದು ನಾನು ಎದೆ ಉಬ್ಬಿಸಿ ಅಂದೆ. “ಯಾಕ ಬಿಡಂಗಿಲ್ಲ ಅಜ್ಜಿ? ಸರ್ಕಾರನ ನನಗ ಲೈಸೆನ್ಸ್ ಕೊಟ್ಟೈತಿ.”

ಹೆಂಗಸರು ಮಕ್ಕಳನ್ನು ಎದೆಗೆ ಅವಚಿಕೊಂಡರು. ಎಲ್ಲರೂ ಒಂದೇ ಮೂಲೆಗೆ ಸರಿದರು. ಇಬ್ಬರು ಗಂಡಸರಂತೂ ಮುಂದಿನ ತಿರುವಿನಲ್ಲೇ, ಹೊಲ ಬಿಟ್ಟು ಬೇರೇನೂ ಇಲ್ಲದ ಕಡೆ, “ನಮ್ಮೂರು ಬಂತು” ಅಂತ ಇಳಿದರು. ಚಿಪ್ಪಗಿರಿಯ ಷೇರ್ ಆಟೋದಲ್ಲಿ ಕಾಲು ಚಾಚಿ, ಪಕ್ಕದಲ್ಲಿ ಪಂಪಿಗೂ ಒಂದು ಸೀಟು ಹಿಡಿದು ಹೋದವನು ನಾನೊಬ್ಬನೇ ಇರಬೇಕು.

ಹೊಳೆ ದಾಟಿದ ಮಂಚ

ತುಂಗಭದ್ರೆಯ ದಡದ ಮಾಧವರಂನಿಂದ ಒಬ್ಬ ರೈತರು ಬಂದರು. ವಯಸ್ಸಾದವರು, ಮಾತಿಗೆ ಮುಂಚೆ ಕಣ್ಣು ಒದ್ದೆಯಾಗಿತ್ತು. ಮಗಳನ್ನು ಹೊಳೆಯ ಆಚೆ, ಕರ್ನಾಟಕದ ಹಳ್ಳಿಗೆ ಕೊಟ್ಟಿದ್ದರು. ಮದುವೆಯಲ್ಲಿ ಸಾಗವಾನಿ ಮಂಚ ಮಾಡಿಸಿ ಕೊಟ್ಟಿದ್ದರು. ಈಗ ಅದಕ್ಕೆ ಕುಟ್ಟೆ ಹುಳ ಹತ್ತಿ ಬೆಳಗಾದರೆ ಕೆಳಗೆ ಹಿಟ್ಟು ಉದುರಿರುತ್ತಿತ್ತು.

“ಆಕಿ ಅತ್ತಿ ದಿನಾ ಅಂತಾಳಂತ್ರಿ, ‘ನಿಮ್ಮಪ್ಪ ಮಂಚ ಕೊಟ್ಟಾನೋ, ಹಿಟ್ಟಿನ ಗಿರಣಿ ಕೊಟ್ಟಾನೋ’ ಅಂತ. ನನ್ನ ಮಗಳು ಫೋನಿನ್ಯಾಗ ಅಳ್ತಾಳ. ಹೆಂಗರ ಮಾಡಿ ನನ್ನ ಮಾನ ಉಳಸ್ರಿ.”

ನನಗೂ ಹೆಣ್ಣುಮಕ್ಕಳಿದ್ದಾರೆ. ಆದರೆ ನನ್ನ ಲೈಸೆನ್ಸ್ ನಡೆಯುವುದು ಆಂಧ್ರದಲ್ಲಿ ಮಾತ್ರ. ಹೊಳೆ ದಾಟಿ ಔಷಧ ಹೊಡೆದರೆ ಇದ್ದದ್ದೂ ಹೋಗುತ್ತದೆ. ಅದನ್ನೇ ಹೇಳಿದೆ.

ಅವರು ಕಣ್ಣು ಒರೆಸಿಕೊಂಡರು. “ಸೇತುವಿ ಈ ಕಡಿ ಬಂದ ಹುಳ ಹೊಡೀಬೌದಲ್ರಿ?”

“ಈ ಕಡಿ ಬಂದ್ರ ಅವು ನಮ್ಮವ.”

ಸರಿ, ಗೂಡ್ಸ್ ಆಟೋ ಮಾಡಿಕೊಂಡು ಅವರೇ ಹೋಗಿ ಮಂಚ ಹೇರಿಕೊಂಡರು. ಮಂಚ ಎತ್ತಲು ಇನ್ನೊಂದು ಕೈ ಬೇಕೆಂದು ನಾನೂ ಜೊತೆಗಿದ್ದೆ. ಬರುವಾಗ ಸೇತುವೆಯ ಹತ್ತಿರ ಪೊಲೀಸರು ತಡೆದರು.

“ಏನಿದು? ಎಲ್ಲಿಗೆ?”

ರೈತರು ಗಾಬರಿಯಲ್ಲಿ, “ಔಷಧ ಮಾಡ್ಸಾಕ ಒಯ್ಯಾಕ ಹತ್ತೀವ್ರಿ,” ಅಂದರು.

ಪೊಲೀಸರು ಬಗ್ಗಿ ಮಂಚದ ಮೇಲೆ ನೋಡಿದರು, ಕೆಳಗೆ ನೋಡಿದರು. “ಪೇಶಂಟ್ ಎಲ್ಲಿ ಅದಾರ?”

“ಮಂಚದ ಒಳಗ ಅದಾರ್ರಿ.”

ಅಲ್ಲಿಂದ ಬಿಡಿಸಿಕೊಂಡು ಬರುವಷ್ಟರಲ್ಲಿ ಸಾಕಾಯಿತು. ಅವರ ಮನೆಯ ಅಂಗಳದಲ್ಲಿ ಮಂಚ ಬಿಚ್ಚಿ, ತೂತು ತೂತಿಗೂ ಸಿರಿಂಜಿನಲ್ಲಿ ಔಷಧ ತುಂಬುತ್ತಿದ್ದೆ. ಅಷ್ಟರಲ್ಲಿ ಧೂಳೆಬ್ಬಿಸಿಕೊಂಡು ಬೈಕುಗಳು ಬಂದು ನಿಂತವು. ಮಗಳ ಮಾವ, ಆತನ ಅಣ್ಣ, ಊರಿನ ಇಬ್ಬರು ಹಿರಿಯರು. ಮಾವನ ಮುಖ ಬಿಳಿಚಿಕೊಂಡಿತ್ತು. ಆತ ಹೊಲದಲ್ಲಿದ್ದಾಗ ಯಾರೋ ಓಡಿ ಹೋಗಿ, ‘ನಿನ್ನ ಬೀಗ ಕೊಟ್ಟ ಮಂಚ ವಾಪಸ್ ಒಯ್ದ, ಸಂಬಂಧ ಮುರೀತು’ ಎಂದು ಹೇಳಿದ್ದರಂತೆ.

ಆತ ಬಂದವನೇ ಬೀಗರ ಎರಡೂ ಕೈ ಹಿಡಿದ. “ನಮ್ಮಾಕಿ ಬಾಯಿ ಸುಮಾರು ಐತ್ರಿ ಬೀಗರ, ನನಗೂ ಗೊತ್ತೈತಿ. ಇನ್ನ ಒಂದು ಮಾತು ಅನ್ನಂಗಿಲ್ಲ ಆಕಿ. ಮಂಚ ಬೇಕಾದ್ರ ಇಟ್ಕೊರ್ರಿ. ಸೊಸಿ ಮಾತ್ರ ಕರ್ಕೊಂಡು ಬರಬ್ಯಾಡ್ರಿ. ಮನ್ಯಾಗ ರೊಟ್ಟಿ ಬಡಿಯಾಕ ಆಕಿ ಒಬ್ಬಾಕಿಗೇ ಬರ್ತೈತಿ.”

ರೈತರು ನನ್ನ ಕಡೆ ತಿರುಗಿದರು. ಸಿರಿಂಜು ಹಿಡಿದಿದ್ದ ನಾನೇ ಎಲ್ಲವನ್ನೂ ತಿಳಿಸಿ ಹೇಳಬೇಕಾಯಿತು. ಹೊಳೆ, ಲೈಸೆನ್ಸ್, ಹುಳ, ಸೇತುವೆ. ಮಾವನ ಮುಖಕ್ಕೆ ಬಣ್ಣ ಬಂತು. ಹಿರಿಯರು ನಕ್ಕರು. ಚಹಾ ಬಂತು. ಚಹಾ ಕುಡಿಯುತ್ತಾ ಆತ ಮಂಚದ ಸುತ್ತ ಒಂದು ಸುತ್ತು ಹಾಕಿ, ನನ್ನ ಕಿವಿಯ ಹತ್ತಿರ ಬಂದ.

“ಹಂಗಾದ್ರ ನಮ್ಮ ದೇವರ ಮನಿ ಬಾಗಲಾ ಒಂದು ತಂದ್ರ ಆಗ್ತೈತೇನ್ರಿ?”

ತರ್ರಿ ಅಂದೆ. ಮರುದಿನ ಟ್ರ್ಯಾಕ್ಟರಿನಲ್ಲಿ ಬಾಗಿಲು, ಕಿಟಕಿ, ಕಪಾಟು, ಒನಕೆ, ತೊಟ್ಟಿಲು ಎಲ್ಲ ಬಂದವು. ಹಿಂದೆ ಬೈಕಿನಲ್ಲಿ ಬಂದ ಮಗಳ ಅತ್ತೆ ಗಾಡಿ ಇಳಿಯುತ್ತಲೇ ಅತ್ತರು. “ಇಡೀ ಮನಿ ಇಲ್ಲೇ ಬಂತಲ್ರೀ ಬೀಗರ, ಈಗ ನಾವು ಬೀಗ ಎದಕ್ಕ ಹಾಕೋದು?”

ಸಹಿ

ಲೈಸೆನ್ಸಿಗೆ ಒಂದು ಅವಧಿ ಇರುತ್ತದೆ. ಮುಗಿಯುವ ಮೊದಲೇ ಮತ್ತೆ ಅರ್ಜಿ ಹಾಕಬೇಕು. ಹಾಕಿದ್ದೆ. ಆದರೆ ತಪಾಸಣೆಗೆ ಅಧಿಕಾರಿ ಬರುವುದು ತಡವಾಗಿ ಹಳೆಯದು ಮುಗಿದೇ ಹೋಯಿತು. ಆಗ ತಾನೇ ಮಳೆ ಬಿದ್ದು ಎಲ್ಲರ ಮನೆಯಲ್ಲೂ ಗೆದ್ದಲು ರೆಕ್ಕೆ ಕಟ್ಟಿಕೊಂಡು ಹಾರುತ್ತಿತ್ತು. ಫೋನಿನ ಮೇಲೆ ಫೋನು. ನಾನು ಎಲ್ಲರಿಗೂ “ಸ್ವಲ್ಪ ತಡೀರಿ” ಅನ್ನುತ್ತಿದ್ದೆ. ಅವರು ತಡೆದಾರು, ಗೆದ್ದಲು ತಡೆಯಬೇಕಲ್ಲ. ವರ್ಷದ ದುಡಿಮೆಯೆಲ್ಲ ಆ ಹಂಗಾಮಿನಲ್ಲೇ. ಹೀಗಾಗಿ ಅಧಿಕಾರಿಗಳು ಬರುತ್ತಾರೆ ಅಂದ ದಿನ ಭಾಮೈದನೂ ನಾನೂ ಸ್ಟೋರ್ ರೂಮನ್ನು ಮದುವೆ ಮನೆಯಂತೆ ತೊಳೆದಿಟ್ಟೆವು.

ಸ್ಟೋರ್ ರೂಮಿನ ಗೋಡೆಗೆ ಅಂಟಿಕೊಂಡೇ ಇನ್ನೊಬ್ಬರ ಸೇಂಗಾ ಗೋದಾಮು ಇದೆ. ಅದನ್ನು ತೊಳೆಯುವುದು ನಮ್ಮ ಕೈಯಲ್ಲಿರಲಿಲ್ಲ.

ಅಧಿಕಾರಿಗಳು ಬಂದರು. ನಮ್ಮ ಜಿಲ್ಲೆಯ ಸಿ. ಬೆಳಗಲ್ ಕಡೆಯವರು, ನಮ್ಮದೇ ಮಾತು. ಆದರೆ ಕಾನೂನು ಬಿಟ್ಟು ಒಂದಕ್ಷರ ಮಾತಾಡದವರು. ಡಬ್ಬಿ ನೋಡಿದರು, ಮಾಸ್ಕು ನೋಡಿದರು, ಬೀಗ ಅಲುಗಿಸಿ ನೋಡಿದರು. ಮೇಜಿನ ಮುಂದೆ ಕೂತು ಪೆನ್ನು ತೆಗೆದರು. ಆಮೇಲೆ ಅದನ್ನು ಕೆಳಗಿಟ್ಟು ನನಗೆ ಪಾಠ ಶುರು ಮಾಡಿದರು.

“ನೋಡ್ರಿ, ನಿಮ್ಮ ಹಳೇ ಲೈಸೆನ್ಸ್ ಮುಗದೈತಿ. ನಾನು ಸಹಿ ಮಾಡೋತನಕ ನೀವು ಯಾರ ಸಲುವಾಗೂ ಒಂದು ಇರುವಿನೂ ಮುಟ್ಟಂಗಿಲ್ಲ. ತಿಳೀತಾ?”

“ತಿಳೀತ್ರಿ ಸರ್.”

“ಅವರು ಹೇಳಿದ್ರು, ಇವರು ಹೇಳಿದ್ರು ಅಂತ ಹೋಗಂಗಿಲ್ಲ. ಬಾಯಿ ಮಾತು ನಡ್ಯಂಗಿಲ್ಲ. ನಮ್ಮಲ್ಲಿ ಎಲ್ಲಾ ಬರವಣಿಗ್ಯಾಗ ಇರಬೇಕು.”

“ಆತ್ರಿ ಸರ್.”

ಅವರು ಮತ್ತೆ ಪೆನ್ನು ಎತ್ತಿಕೊಂಡರು. ಆ ಹೊತ್ತಿಗೆ ಸೇಂಗಾ ಗೋದಾಮಿನ ಕಡೆಯ ಗೋಡೆಯ ಮೂಲೆಯಿಂದ ಒಂದು ಇಲಿ ಇಳಿಯಿತು. ಸಣ್ಣದೇ. ನೆಲದ ಮೇಲೆ ನಿಂತು ನಮ್ಮನ್ನೆಲ್ಲ ನೋಡಿತು. ಯಾರ ಹತ್ತಿರ ಹೋಗುವುದೆಂದು ಅದಕ್ಕೂ ಗೊಂದಲವಾಗಿರಬೇಕು. ಕೊನೆಗೆ ಅಧಿಕಾರಿಗಳನ್ನೇ ಆರಿಸಿಕೊಂಡಿತು. ಓಡಿ ಬಂದು ಅವರ ಪ್ಯಾಂಟಿನ ಕಾಲೊಳಗೆ ಹೊಕ್ಕಿತು.

ಅವರು ಕುರ್ಚಿಯಿಂದ ಮೇಜಿನ ಮೇಲೆ ಹೇಗೆ ಹೋದರೋ ನಾನು ಕಾಣೆ. ಮೇಲೆ ನಿಂತು ಒಂದೇ ಕಾಲಿನಲ್ಲಿ ಕುಣಿಯುತ್ತಾ, ಮೊಣಕಾಲಿನ ಹತ್ತಿರ ಪ್ಯಾಂಟನ್ನು ಎರಡೂ ಕೈಯಲ್ಲಿ ಹಿಚುಕಿ ಹಿಡಿದು ಕೂಗಿದರು.

“ಹಿಡೀರಿ! ಹಿಡೀರಿ! ಏನು ನೋಡ್ಕೋತ ನಿಂತೀರಿ?”

ಭಾಮೈದ ಕೈ ಮುಂದೆ ಚಾಚಿದವನು ನನ್ನ ಮುಖ ನೋಡಿದ. “ಮಾಮ, ಹಿಡೀಲ್ಯಾ, ಬ್ಯಾಡಾ?”

ನನಗೂ ತಿಳಿಯಲಿಲ್ಲ. ಹಿಡಿದರೆ ಕಾನೂನು ತಪ್ಪುತ್ತದೆ. ಹಿಡಿಯದಿದ್ದರೆ ಅಧಿಕಾರಿಗಳ ಗತಿಯೇನು? ಇದೇನಾದರೂ ಪರೀಕ್ಷೆ ಇರಬಹುದೇ ಎಂಬ ಅನುಮಾನವೂ ಬಂತು. ವರ್ಷದ ಅನ್ನದ ಪ್ರಶ್ನೆ.

“ಸರ್, ಲೈಸೆನ್ಸ್ ಇನ್ನೂ ಆಗಿಲ್ಲಲ್ರೀ,” ಅಂದೆ ಕೈ ಮುಗಿದು.

“ಅಯ್ಯೋ, ನಾನ ಹೇಳಾಕ ಹತ್ತೀನಲ್ರೀ, ಹಿಡೀರಿ!”

“ಬಾಯಿ ಮಾತು ನಡ್ಯಂಗಿಲ್ಲ ಅಂದ್ರಲ್ರೀ ಸರ್.”

“ಮ್ಯಾಲ ಬರಾಕ ಹತ್ತೈತ್ರೀ!” ಅವರ ದನಿ ಕೀರಲಾಯಿತು. “ತಗೊಂಬರ್ರಿ ಆ ಕಾಗದಾ!”

ಭಾಮೈದ ಕಾಗದವನ್ನು ರಟ್ಟಿನ ಮೇಲಿಟ್ಟು ಮೇಲಕ್ಕೆ ಹಿಡಿದ. ನಾನು ಪೆನ್ನು ಕೊಟ್ಟೆ. ಒಂದು ಕೈಯಲ್ಲಿ ತೊಡೆ ಹಿಡಿದು, ಒಂದು ಕಾಲಿನಲ್ಲಿ ಹಾರುತ್ತಾ, ಆ ಮಹಾನುಭಾವರು ಸಹಿ ಮಾಡಿದರು. ಸಹಿಗಾಗಿ ಅವರು ಹಿಡಿತ ಸಡಿಲಿಸಿದ್ದೇ ತಡ, ಇಲಿ ಜಾರಿ ಕೆಳಗಿಳಿದು, ಮೇಜಿನಿಂದ ನೆಲಕ್ಕೆ ಹಾರಿ, ಬಂದ ಮೂಲೆಯಲ್ಲೇ ಮಾಯವಾಯಿತು. ಅಧಿಕಾರಿಗಳು ಇಳಿದರು, ಬೆವರು ಒರೆಸಿಕೊಂಡರು, ಕಾಗದ ಬಗಲಲ್ಲಿ ಹಿಡಿದು, ಯಾರ ಮುಖವನ್ನೂ ನೋಡದೆ ಜೀಪು ಹತ್ತಿದರು.

ಏನೇ ಆಗಲಿ, ಕೆಲಸ ಆಯಿತಲ್ಲ ಎಂದು ನಾವು ಪಂಪು ತೊಳೆದು ಗಿರಾಕಿಗಳಿಗೆ ಫೋನು ಹಚ್ಚಲು ಕೂತೆವು. ಮೊದಲ ನಂಬರು ಒತ್ತುವಷ್ಟರಲ್ಲಿ ಅವರದೇ ಫೋನು ಬಂತು. ಬಹಳ ಸಣ್ಣ ದನಿ.

“ಏನ್ರೀ, ಆ ಸಹಿ ನಡ್ಯಂಗಿಲ್ಲಂತ್ರಿ. ಸೊಟ್ಟ ಐತಿ, ನಂದಲ್ಲ ಅಂತಾರ ಆಫೀಸಿನ್ಯಾಗ. ನಾನು ಮತ್ತ ಅಲ್ಲೇ ಬಂದು, ಕುಂತು, ನೆಟ್ಟಗ ಸಹಿ ಮಾಡಬೇಕಂತ.”

“ಬರ್ರಿ ಸರ್, ಬಾಗಲಾ ತಗದೈತಿ.”

ಅವರು ದನಿ ಇನ್ನೂ ಇಳಿಸಿ ಕೇಳಿದರು. “ಅದು… ಅಲ್ಲೇ ಐತೇನು?”

“ಐತ್ರಿ ಸರ್. ಮೂಲ್ಯಾಗ ಕುಂತು ನಮ್ಮನ್ನ ನೋಡಾಕ ಹತ್ತೈತಿ.”

“ಹಂಗಾದ್ರ ನಾ ಬರೋದ್ರಾಗ ಅದನ್ನ ಹಿಡದು ಬಿಡ್ರೀ!”

“ಹಿಡೀತಿದ್ವಿ ಸರ್,” ಅಂದೆ ನಾನು. “ಆದ್ರ ನಿಮ್ಮ ಸಹಿ ಸೊಟ್ಟ ಐತಲ್ರೀ.”